ಉದ್ಯಾನಕ್ಕೆ ಹಣ ಕೊಡುವವರು ಯಾರು? ಓಮ್‌ಸ್ಟೆಡ್ ಬದುಕು ಹೇಳುವ ಕಥೆ

ಅಮೆರಿಕದ ನ್ಯೂಯಾರ್ಕ್ ನಗರದ ನಟ್ಟನಡುವೆ 843 ಎಕರೆಗಳಷ್ಟು ವಿಶಾಲವಾದ ಹಸಿರು ಹರಡಿಕೊಂಡಿದೆ. ಸುತ್ತಲೂ ಮುಗಿಲು ಮುಟ್ಟುವ ಕಟ್ಟಡಗಳು. ಬೆಲೆ ಕಟ್ಟಲು ಹೊರಟರೆ ಜಗತ್ತಿನ ಅತ್ಯಂತ ದುಬಾರಿ ನೆಲಗಳ ಸಾಲಿಗೆ ಸೇರುವ ಜಾಗ. ಮೊದಲ ಬಾರಿಗೆ ನೋಡುವವರು ಅದನ್ನು ನಗರ ಬೆಳೆಯುವಾಗ ಹೇಗೋ ಉಳಿದುಕೊಂಡ ಹಳೆಯ ಕಾಡಿನ ತುಣುಕೆಂದು ಭಾವಿಸುವುದುಂಟು. ವಾಸ್ತವದಲ್ಲಿ ಸೆಂಟ್ರಲ್ ಪಾರ್ಕ್‌ನ ಕೆರೆಗಳೆಲ್ಲವೂ ಮನುಷ್ಯರು ಅಗೆದು ನೀರು ತುಂಬಿಸಿದವು. ಬಯಲುಗಳು ಬಂಡೆ ಸಿಡಿಸಿ, ಮಣ್ಣು ಹೇರಿ ಸಮಗೊಳಿಸಿದವು. ಆ ಕೆಲಸದ ಹಿಂದೆ ಕಾನೂನಿತ್ತು, ಸಾಲವಿತ್ತು, ತೆರಿಗೆಯಿತ್ತು, ಒಕ್ಕಲೆಬ್ಬಿಸಲ್ಪಟ್ಟವರ ಕಣ್ಣೀರೂ ಇತ್ತು. ಈ ಉದ್ಯಾನದ ವಿನ್ಯಾಸಕಾರರಲ್ಲಿ ಒಬ್ಬರಾದ ಫ್ರೆಡರಿಕ್ ಲಾ ಓಮ್‌ಸ್ಟೆಡ್ ತಮ್ಮ ಬದುಕಿನ ಬಹುಭಾಗವನ್ನು ಕಳೆದದ್ದು ಒಂದೇ ಪ್ರಶ್ನೆಯ ಬೆನ್ನು ಹತ್ತಿ: ಎಲ್ಲರಿಗೂ ಸೇರಿದ ಹಸಿರಿಗೆ ಹಣ ಕೊಡಬೇಕಾದವರು ಯಾರು, ಮತ್ತು ಆ ಹಣ ವ್ಯರ್ಥವಾಗಲಿಲ್ಲವೆಂದು ತೋರಿಸುವುದು ಹೇಗೆ?

ದಾರಿ ಕಾಣದ ಯೌವನ

ಓಮ್‌ಸ್ಟೆಡ್ ಜನಿಸಿದ್ದು 1822ರ ಏಪ್ರಿಲ್ 26ರಂದು, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್ ಪಟ್ಟಣದಲ್ಲಿ. ತಂದೆ ಜಾನ್ ಅನುಕೂಲಸ್ಥ ಬಟ್ಟೆ ವ್ಯಾಪಾರಿ. ತಾಯಿ ತೀರಿಕೊಂಡಾಗ ಮಗುವಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಹದಿಹರೆಯದಲ್ಲಿ ವಿಷಸಸ್ಯದ ಸೋಂಕು ತಗುಲಿ ಕಣ್ಣುಗಳು ದುರ್ಬಲಗೊಂಡವು. ಹೀಗಾಗಿ ಯೇಲ್ ಕಾಲೇಜಿಗೆ ಸೇರುವ ಯೋಜನೆ ಕೈಬಿಟ್ಟುಹೋಯಿತು. ತಮ್ಮ ಜಾನ್ ಹಲ್ ಅದೇ ಕಾಲೇಜಿನಲ್ಲಿ ಓದಿದರೆ, ಅಣ್ಣ ಒಂದು ಕೆಲಸದಿಂದ ಇನ್ನೊಂದಕ್ಕೆ ಅಲೆಯುತ್ತ ಹೋದರು.

1843ರಲ್ಲಿ ಅವರು ಚೀನಾಕ್ಕೆ ಹೊರಟ ಹಡಗಿನಲ್ಲಿ ನಾವಿಕರಾಗಿ ದುಡಿದರು. ಆ ಒಂದು ವರ್ಷದ ಪ್ರಯಾಣ ಕಾಯಿಲೆ ಮತ್ತು ಕಠಿಣ ದುಡಿಮೆಯಲ್ಲಿ ಮುಗಿಯಿತು. ಬಳಿಕ ಬೇಸಾಯದತ್ತ ಮನಸ್ಸು ಹರಿಯಿತು. ತಂದೆ ಕೊಡಿಸಿದ ಜಮೀನಿನಲ್ಲಿ, 1848ರಿಂದ ನ್ಯೂಯಾರ್ಕ್ ಬಳಿಯ ಸ್ಟ್ಯಾಟನ್ ದ್ವೀಪದಲ್ಲಿ, ಹಣ್ಣಿನ ಗಿಡಗಳನ್ನು ಬೆಳೆಸಿದರು. ಲಾಭ ಹೆಚ್ಚು ದಕ್ಕಲಿಲ್ಲ. ಆದರೆ ಮಣ್ಣಿನ ಗುಣ, ನೀರು ಹರಿದುಹೋಗುವ ಬಗೆ, ಆಳುಗಳಿಂದ ಕೆಲಸ ತೆಗೆಯುವ ರೀತಿ ಇವೆಲ್ಲ ಅಲ್ಲಿ ಕೈವಶವಾದವು. ಮುಂದೆ ನೂರಾರು ಎಕರೆ ಜವುಗು ನೆಲವನ್ನು ಒಣಗಿಸುವ ಹೊಣೆ ಬಿದ್ದಾಗ ನೆರವಿಗೆ ಬಂದದ್ದು ಈ ರೈತನ ಅನುಭವವೇ.

ಬರ್ಕನ್‌ಹೆಡ್‌ನಲ್ಲಿ ಕಂಡ ಹೊಸ ಲೆಕ್ಕ

1850ರಲ್ಲಿ ಓಮ್‌ಸ್ಟೆಡ್ ತಮ್ಮನೊಡನೆ ಹಾಗೂ ಗೆಳೆಯನೊಬ್ಬನೊಡನೆ ಇಂಗ್ಲೆಂಡಿನಲ್ಲಿ ಕಾಲ್ನಡಿಗೆಯ ಪ್ರವಾಸ ಕೈಗೊಂಡರು. ಲಿವರ್‌ಪೂಲ್ ಎದುರಿನ ದಡದಲ್ಲಿರುವ ಬರ್ಕನ್‌ಹೆಡ್ ಪಟ್ಟಣದಲ್ಲಿ ಜೋಸೆಫ್ ಪ್ಯಾಕ್ಸ್‌ಟನ್ ವಿನ್ಯಾಸಗೊಳಿಸಿದ್ದ ಉದ್ಯಾನವನ್ನು ಕಂಡು ಬೆರಗಾದರು. ಅದು ಅರಸನ ಬೇಟೆಯ ತೋಟವಾಗಿರಲಿಲ್ಲ. ಯಾವ ಶ್ರೀಮಂತನ ದಾನವೂ ಆಗಿರಲಿಲ್ಲ. ಪಟ್ಟಣದ ಆಡಳಿತವೇ ಸಾರ್ವಜನಿಕ ಹಣದಿಂದ ನಿರ್ಮಿಸಿ, 1847ರಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದ ಉದ್ಯಾನ ಅದು. ಪ್ರವೇಶಕ್ಕೆ ಕಾಸು ಕೊಡಬೇಕಿರಲಿಲ್ಲ.

ಅದರ ಹಣಕಾಸಿನ ಏರ್ಪಾಡು ಇನ್ನೂ ಸ್ವಾರಸ್ಯಕರವಾಗಿತ್ತು. ಪಟ್ಟಣದ ಆಡಳಿತ ಅಗ್ಗದ ಜವುಗು ನೆಲವನ್ನು ಅಗತ್ಯಕ್ಕಿಂತ ಹೆಚ್ಚಾಗಿ, ಒಟ್ಟು 226 ಎಕರೆಗಳಷ್ಟು ಖರೀದಿಸಿತ್ತು. ಅದರಲ್ಲಿ 125 ಎಕರೆಗಳನ್ನು ಉದ್ಯಾನಕ್ಕೆ ಮೀಸಲಿಟ್ಟು, ಅಂಚಿನ ಭೂಮಿಯನ್ನು ಮನೆ ಕಟ್ಟುವವರಿಗೆ ಮಾರಿ ವೆಚ್ಚವನ್ನು ತುಂಬಿಕೊಳ್ಳುವುದು ಉದ್ದೇಶ. ಉದ್ಯಾನ ಬಂದರೆ ಸುತ್ತಲಿನ ನೆಲದ ಬೆಲೆ ಏರುತ್ತದೆ. ಆ ಏರಿಕೆಯೇ ಉದ್ಯಾನದ ಖರ್ಚನ್ನು ಹೊರಬಲ್ಲದು ಎಂಬುದು ಇಲ್ಲಿನ ತತ್ವ. 1852ರಲ್ಲಿ ಪ್ರಕಟವಾದ ತಮ್ಮ ಪ್ರವಾಸ ಗ್ರಂಥದಲ್ಲಿ ಓಮ್‌ಸ್ಟೆಡ್ ಈ ಉದ್ಯಾನವನ್ನು ಮೆಚ್ಚಿ ಬರೆದರು. ಬಡವನೂ ಧನಿಕನೂ ಒಂದೇ ಹಾದಿಯಲ್ಲಿ ನಡೆಯುವ ಇಂಥ ತಾಣ ಪ್ರಜಾಪ್ರಭುತ್ವದ ಅಮೆರಿಕದಲ್ಲಿ ಎಲ್ಲೂ ಇಲ್ಲವಲ್ಲ ಎಂಬುದು ಅವರ ಕೊರಗಾಗಿತ್ತು.

ಅದೇ ವರ್ಷದ ಕೊನೆಗೆ ಅವರು ಪತ್ರಿಕೆಯೊಂದರ ವರದಿಗಾರರಾಗಿ ದಕ್ಷಿಣದ ರಾಜ್ಯಗಳಲ್ಲಿ ಸಂಚರಿಸಿದರು. ಗುಲಾಮಗಿರಿ ಗುಲಾಮರನ್ನಷ್ಟೇ ಅಲ್ಲದೆ ಇಡೀ ಸಮಾಜವನ್ನು ಬಡವಾಗಿಸುತ್ತದೆ. ಅಲ್ಲಿ ಶಾಲೆ, ಗ್ರಂಥಾಲಯ, ರಸ್ತೆಯಂತಹ ಸಾರ್ವಜನಿಕ ಸೌಕರ್ಯಗಳೇ ಬೆಳೆಯುವುದಿಲ್ಲ ಎಂಬ ನಿಲುವಿಗೆ ಅವರು ಬಂದರು. ಸಮುದಾಯಕ್ಕೆ ಸೇರಿದ್ದನ್ನು ಕಟ್ಟಿ ನಿಲ್ಲಿಸುವುದೇ ನಾಗರಿಕತೆಯ ಲಕ್ಷಣವೆಂಬ ನಂಬಿಕೆ ಈ ಸಂಚಾರದಿಂದ ಗಟ್ಟಿಯಾಯಿತು.

ಐದು ಲಕ್ಷ ಜನರ ನಗರ

1850ರ ಹೊತ್ತಿಗೆ ನ್ಯೂಯಾರ್ಕ್‌ನ ಜನಸಂಖ್ಯೆ ಐದು ಲಕ್ಷ ದಾಟಿತ್ತು. ಮ್ಯಾನ್‌ಹಟನ್ ದ್ವೀಪವನ್ನು ಚೌಕಳಿಯಂತೆ ಕತ್ತರಿಸಿದ್ದ 1811ರ ನಕ್ಷೆಯಲ್ಲಿ ದೊಡ್ಡ ಉದ್ಯಾನಕ್ಕೆ ಹೆಚ್ಚು ಅವಕಾಶವಿರಲಿಲ್ಲ. ಕವಿಯೂ ಪತ್ರಿಕಾ ಸಂಪಾದಕರೂ ಆಗಿದ್ದ ವಿಲಿಯಂ ಕಲೆನ್ ಬ್ರಯಂಟ್, ತೋಟಗಾರಿಕಾ ತಜ್ಞ ಆಂಡ್ರ್ಯೂ ಜಾಕ್ಸನ್ ಡೌನಿಂಗ್ ಮುಂತಾದವರು ಉದ್ಯಾನಕ್ಕಾಗಿ ವರ್ಷಗಟ್ಟಲೆ ಬರೆದರು. ಕೊನೆಗೆ 1853ರಲ್ಲಿ ರಾಜ್ಯದ ಶಾಸನಸಭೆ 59ರಿಂದ 106ನೇ ಬೀದಿಯವರೆಗಿನ ಭೂಮಿಯ ಸ್ವಾಧೀನಕ್ಕೆ ಒಪ್ಪಿಗೆ ಕೊಟ್ಟಿತು. 1855ರಲ್ಲಿ ಇದರ ವಿಸ್ತೀರ್ಣವನ್ನು ಕಡಿತಗೊಳಿಸುವ ಪ್ರಯತ್ನ ನಡೆದಾಗ ಮೇಯರ್ ಫರ್ನಾಂಡೊ ವುಡ್ ಅದನ್ನು ತಡೆದರು. ಮುಂದೆ 1863ರಲ್ಲಿ ಉದ್ಯಾನದ ಎಲ್ಲೆ 110ನೇ ಬೀದಿಗೆ ವಿಸ್ತರಿಸಿತು.

ಭೂಮಿಗೆ ನಿಗದಿಯಾದ ಪರಿಹಾರ 50 ಲಕ್ಷ ಡಾಲರ್‌ಗೂ ಹೆಚ್ಚು. ಅದರಲ್ಲಿ ಸುಮಾರು ಮೂರನೇ ಒಂದು ಭಾಗವನ್ನು ಉದ್ಯಾನದ ಅಕ್ಕಪಕ್ಕದ ಭೂಮಾಲೀಕರ ಮೇಲೆಯೇ ಸುಧಾರಣಾ ಶುಲ್ಕವಾಗಿ ಹಾಕಲಾಯಿತು. ನಿಮ್ಮ ಆಸ್ತಿಯ ಬೆಲೆ ಏರಲಿರುವುದರಿಂದ ಖರ್ಚಿನಲ್ಲಿ ಒಂದು ಪಾಲನ್ನು ನೀವೂ ಹೊರಬೇಕು ಎಂಬುದು ವಾದ. ಉಳಿದ ಮೊತ್ತಕ್ಕಾಗಿ ನಗರ ಸಾಲಪತ್ರಗಳನ್ನು ಹೊರಡಿಸಿತು. ಅವುಗಳ ಬಡ್ಡಿಯನ್ನು ಇಡೀ ನಗರದ ತೆರಿಗೆದಾರರು ಕಟ್ಟಬೇಕಾಯಿತು.

ಈ ಲೆಕ್ಕದಲ್ಲಿ ಸೇರದ ಇನ್ನೊಂದು ಬೆಲೆಯೂ ಇತ್ತು. ಸ್ವಾಧೀನಕ್ಕೊಳಗಾದ ನೆಲದಲ್ಲಿ ಸುಮಾರು 1,600 ಮಂದಿ ವಾಸವಾಗಿದ್ದರು. ಪಶ್ಚಿಮದ ಅಂಚಿನಲ್ಲಿದ್ದ ಸೆನೆಕ ವಿಲೇಜ್ ಎಂಬ ಊರು 1825ರಲ್ಲಿ ಆಫ್ರಿಕನ್ ಅಮೆರಿಕನ್ನರು ನಿವೇಶನ ಕೊಂಡು ಕಟ್ಟಿಕೊಂಡದ್ದು. 1855ರ ಹೊತ್ತಿಗೆ ಅಲ್ಲಿ ಸುಮಾರು 225 ನಿವಾಸಿಗಳಿದ್ದರು. ಮೂರು ಚರ್ಚುಗಳೂ ಒಂದು ಶಾಲೆಯೂ ಇದ್ದವು. ಕಪ್ಪು ವರ್ಣದ ಪುರುಷರಿಗೆ ಮತದಾನದ ಹಕ್ಕು ಬೇಕಿದ್ದರೆ 250 ಡಾಲರ್ ಮೌಲ್ಯದ ಆಸ್ತಿಯಿರಬೇಕು ಎಂಬ ನಿಯಮವಿದ್ದ ಕಾಲವದು. ಆದ್ದರಿಂದ ಸ್ವಂತ ನೆಲವೆಂದರೆ ಅವರಿಗೆ ಮನೆಯಷ್ಟೇ ಆಗಿರದೆ, ಪೌರತ್ವದ ಹಕ್ಕೂ ಆಗಿತ್ತು. ಕೆಲವು ಪತ್ರಿಕೆಗಳು ಇವರನ್ನೆಲ್ಲ ಅತಿಕ್ರಮಣಕಾರರೆಂದು ಚಿತ್ರಿಸಿದವು. ಭೂಮಾಲೀಕರಿಗೆ ಪರಿಹಾರ ಸಿಕ್ಕಿತಾದರೂ, 1857ರಲ್ಲಿ ಊರು ಸಂಪೂರ್ಣ ಖಾಲಿಯಾಯಿತು. ಆ ಸಮುದಾಯ ಮತ್ತೆ ಒಂದೆಡೆ ಸೇರಿ ನೆಲೆಯೂರಲಿಲ್ಲ. ಓಮ್‌ಸ್ಟೆಡ್ ಕೆಲಸಕ್ಕೆ ಬಂದದ್ದು ಈ ತೀರ್ಮಾನಗಳೆಲ್ಲ ಆದ ಮೇಲೆ. ಆದರೂ ಅವರ ಕೀರ್ತಿ ನಿಂತಿರುವುದು ಆ ನೆಲದ ಮೇಲೆಯೇ ಎಂಬುದನ್ನು ಮರೆಯಲಾಗದು.

ಸಾಲಗಾರನ ಕೈಗೆ ಬಂದ ಹೊಣೆ

1857ರಲ್ಲಿ ಓಮ್‌ಸ್ಟೆಡ್ ಪಾಲುದಾರರಾಗಿದ್ದ ಪ್ರಕಾಶನ ಸಂಸ್ಥೆ ದಿವಾಳಿಯಾಯಿತು. ಮೂವತ್ತೈದರ ವಯಸ್ಸಿನಲ್ಲಿ ಕೈಯಲ್ಲಿ ಕೆಲಸವಿಲ್ಲ, ಬೆನ್ನ ಮೇಲೆ ಸಾಲ. ಆಗಲೇ ಉದ್ಯಾನ ಮಂಡಳಿಗೆ ಮೇಲ್ವಿಚಾರಕರೊಬ್ಬರು ಬೇಕಾಗಿದ್ದಾರೆಂಬ ಸುದ್ದಿ ಮಂಡಳಿಯ ಸದಸ್ಯರೊಬ್ಬರಿಂದ ತಿಳಿಯಿತು. ಸೆಪ್ಟೆಂಬರ್‌ನಲ್ಲಿ ಅವರ ನೇಮಕವಾಯಿತು. ಅದೇ ತಿಂಗಳುಗಳಲ್ಲಿ ಬ್ಯಾಂಕುಗಳು ಕುಸಿದು, ಸಾವಿರಾರು ಮಂದಿ ನಿರುದ್ಯೋಗಿಗಳಾಗಿ ಬೀದಿಗೆ ಬಿದ್ದಿದ್ದರು. ಉದ್ಯಾನದ ಕೂಲಿ ಕೆಲಸ ಅವರ ಪಾಲಿಗೆ ಅನ್ನದ ದಾರಿಯಾಯಿತು. ರಾಜಕಾರಣಿಗಳ ಪಾಲಿಗೆ ತಮ್ಮವರಿಗೆ ಹಂಚುವ ಉಡುಗೊರೆಯಾಯಿತು. ವಶೀಲಿಯ ಚೀಟಿ ಹಿಡಿದು ಬಂದವರನ್ನು ಕೆಲಸಗಾರರನ್ನಾಗಿ ರೂಪಿಸುವುದೇ ಹೊಸ ಮೇಲ್ವಿಚಾರಕರ ಮೊದಲ ಪರೀಕ್ಷೆಯಾಗಿತ್ತು.

ಅದೇ ನವೆಂಬರ್‌ನಲ್ಲಿ ಪ್ರೀತಿಯ ತಮ್ಮ ಕ್ಷಯರೋಗದಿಂದ ತೀರಿಕೊಂಡರು. ತಮ್ಮನ ಪತ್ನಿ ಮೇರಿ ಮತ್ತು ಮೂವರು ಎಳೆಯ ಮಕ್ಕಳ ಹೊಣೆ ಹೊತ್ತ ಓಮ್‌ಸ್ಟೆಡ್, 1859ರಲ್ಲಿ ಆಕೆಯನ್ನು ವಿವಾಹವಾದರು.

ಇಂಗ್ಲೆಂಡಿನಿಂದ ಬಂದು ನೆಲೆಸಿದ್ದ ವಾಸ್ತುಶಿಲ್ಪಿ ಕ್ಯಾಲ್ವರ್ಟ್ ವಾಕ್ಸ್ ಉದ್ಯಾನದ ವಿನ್ಯಾಸ ಸ್ಪರ್ಧೆಗೆ ಜೊತೆಗೂಡುವಂತೆ ಓಮ್‌ಸ್ಟೆಡ್ ಅವರನ್ನು ಆಹ್ವಾನಿಸಿದರು. ಬಂದ 33 ನಕ್ಷೆಗಳ ಪೈಕಿ 1858ರ ಏಪ್ರಿಲ್‌ನಲ್ಲಿ ಬಹುಮಾನ ಸಂದದ್ದು ಇವರಿಬ್ಬರ ನಕ್ಷೆಗೆ. ಉದ್ಯಾನವನ್ನು ಅಡ್ಡಹಾಯುವ ನಾಲ್ಕು ರಸ್ತೆಗಳು ಇರಲೇಬೇಕೆಂಬುದು ಸ್ಪರ್ಧೆಯ ಷರತ್ತು. ಇವರು ಆ ರಸ್ತೆಗಳನ್ನು ನೆಲಮಟ್ಟಕ್ಕಿಂತ ಕೆಳಗೆ ತಗ್ಗಿಸಿ, ಮೇಲೆ ಸೇತುವೆ ಕಟ್ಟಿ ಗಿಡ ನೆಟ್ಟು ಮರೆಮಾಡಿದರು. ಗಾಡಿಗೆ, ಕುದುರೆ ಸವಾರರಿಗೆ, ನಡೆಯುವವರಿಗೆ ಬೇರೆ ಬೇರೆ ಹಾದಿಗಳು ಬಂದವು. ಮೋಟಾರು ವಾಹನ ಹುಟ್ಟುವ ಮೊದಲೇ ಮಾಡಿದ ಈ ಏರ್ಪಾಡು, ಕಾರುಗಳು ಬಂದ ಮೇಲೂ ನಗರದ ಸಂಚಾರ ಉದ್ಯಾನವನ್ನು ಸೀಳದಂತೆ ಕಾಪಾಡಿತು.

ಕಾಸು ಕಾಸಿಗೂ ಲೆಕ್ಕ

ನಿರ್ಮಾಣಕ್ಕೆಂದು ಮೊದಲು ನಿಗದಿಯಾದ ಮೊತ್ತ 15 ಲಕ್ಷ ಡಾಲರ್. ಕೆಲಸ ಆರಂಭವಾದೊಡನೆ ಅದು ಸಾಲದೆಂಬುದು ಸ್ಪಷ್ಟವಾಯಿತು. ಬಂಡೆ ಸಿಡಿಸುವ ಮದ್ದು, ನೆಲದಡಿಯ ಚರಂಡಿ ಕೊಳವೆ, ಹೊರಗಿನಿಂದ ತಂದ ಮಣ್ಣು, ಸಾವಿರಾರು ಆಳುಗಳ ಕೂಲಿ ಎಲ್ಲವೂ ಅಂದಾಜನ್ನು ಮೀರಿದವು. ಆಗ ಮಂಡಳಿಯ ಹಣಕಾಸಿನ ಹಿಡಿತ ಆಂಡ್ರ್ಯೂ ಹ್ಯಾಸ್‌ವೆಲ್ ಗ್ರೀನ್ ಅವರ ಕೈಗೆ ಹೋಯಿತು. ಪ್ರಾಮಾಣಿಕರೂ ಅತಿ ಬಿಗಿ ಕೈಯವರೂ ಆಗಿದ್ದ ಗ್ರೀನ್, ಸಣ್ಣಪುಟ್ಟ ವೆಚ್ಚಕ್ಕೂ ರಸೀದಿ ಕೇಳುತ್ತಿದ್ದರು. ಓಮ್‌ಸ್ಟೆಡ್ ಇದರಿಂದ ರೋಸಿಹೋದರು. ಉದ್ಯಾನ ಹಲವು ದಶಕಗಳ ನಂತರ ಪೂರ್ಣರೂಪಕ್ಕೆ ಬರುವಂಥದ್ದು, ಅದನ್ನು ತಿಂಗಳ ಲೆಕ್ಕದಲ್ಲಿ ಅಳೆಯಲಾಗದು ಎಂಬುದು ಅವರ ವಾದ. ಲೆಕ್ಕ ತಪ್ಪಿದರೆ ಉದ್ಯಾನದ ವಿರೋಧಿಗಳಿಗೆ ಅಸ್ತ್ರ ಸಿಗುತ್ತದೆ ಎಂಬುದು ಗ್ರೀನ್ ಅವರ ಆತಂಕ. ಇಂದು ಹಿಂತಿರುಗಿ ನೋಡಿದರೆ ಇಬ್ಬರ ಮಾತಿನಲ್ಲೂ ಹುರುಳಿತ್ತು ಎನಿಸುತ್ತದೆ. ಭೂಮಿ ಮತ್ತು ನಿರ್ಮಾಣ ಎರಡೂ ಸೇರಿ ಕೊನೆಗೆ ತಗುಲಿದ ವೆಚ್ಚ ಸುಮಾರು 1.4 ಕೋಟಿ ಡಾಲರ್. 1867ರಲ್ಲಿ ಅಮೆರಿಕ ಸರ್ಕಾರ ಇಡೀ ಅಲಾಸ್ಕವನ್ನು ರಷ್ಯಾದಿಂದ ಖರೀದಿಸಿದ್ದು 72 ಲಕ್ಷ ಡಾಲರಿಗೆ ಎಂಬುದನ್ನು ನೆನೆದರೆ ಈ ಮೊತ್ತದ ಗಾತ್ರ ಅರಿವಾಗುತ್ತದೆ.

ಅಂತರ್ಯುದ್ಧ ಆರಂಭವಾದಾಗ 1861ರಲ್ಲಿ ಓಮ್‌ಸ್ಟೆಡ್ ಸೈನಿಕರ ಆರೋಗ್ಯ ನೋಡಿಕೊಳ್ಳುವ ನೈರ್ಮಲ್ಯ ಆಯೋಗದ ಪ್ರಧಾನ ಕಾರ್ಯದರ್ಶಿಯಾದರು. ಬಳಿಕ ಕ್ಯಾಲಿಫೋರ್ನಿಯದ ಚಿನ್ನದ ಗಣಿಯೊಂದರ ಆಡಳಿತ ವಹಿಸಿಕೊಂಡರು. ಅಲ್ಲಿದ್ದಾಗ, 1865ರಲ್ಲಿ ಯೊಸೆಮಿಟಿ ಕಣಿವೆಯ ಕುರಿತು ಸಿದ್ಧಪಡಿಸಿದ ವರದಿಯಲ್ಲಿ ಅವರು ಮಹತ್ವದ ತತ್ವವೊಂದನ್ನು ಮುಂದಿಟ್ಟರು. ನಿಸರ್ಗದ ಸೊಬಗು ಸಿರಿವಂತರ ಸ್ವತ್ತಾಗದಂತೆ ನೋಡಿಕೊಂಡು, ಎಲ್ಲರ ಅನುಭವಕ್ಕೆ ಒದಗಿಸುವುದು ಸರ್ಕಾರದ ಕರ್ತವ್ಯವೆಂದು ಪ್ರತಿಪಾದಿಸಿದರು. ಹಣ ಬೇರೆಡೆ ಹರಿದುಹೋದೀತೆಂಬ ಭಯದಿಂದ ಕೆಲವರು ಆ ವರದಿಯನ್ನು ಬದಿಗೆ ಸರಿಸಿದರು.

ಪುನಃ ನ್ಯೂಯಾರ್ಕ್‌ಗೆ ಬಂದು ವಾಕ್ಸ್ ಜೊತೆಗೂಡಿ ಬ್ರೂಕ್ಲಿನ್‌ನ ಪ್ರಾಸ್ಪೆಕ್ಟ್ ಪಾರ್ಕ್ ರೂಪಿಸಿದರು. ಅಷ್ಟರಲ್ಲಿ ನಗರದ ಅಧಿಕಾರ ವಿಲಿಯಂ ಟ್ವೀಡ್ ಎಂಬ ಕುಖ್ಯಾತ ರಾಜಕಾರಣಿಯ ಬಣದ ಪಾಲಾಗಿತ್ತು. 1870ರಲ್ಲಿ ಉದ್ಯಾನ ಮಂಡಳಿಯೂ ಅವರ ವಶವಾಯಿತು. ಓಮ್‌ಸ್ಟೆಡ್ ಮತ್ತು ವಾಕ್ಸ್ ಹೊರಬಿದ್ದರು. ಮರುವರ್ಷ ಟ್ವೀಡ್ ಬಣ ಕುಸಿದಾಗ ಮರಳಿ ಬಂದರಾದರೂ, 1878ರ ಜನವರಿಯಲ್ಲಿ ಓಮ್‌ಸ್ಟೆಡ್ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. ಪಕ್ಷದವರಿಗೆ ನೌಕರಿ ಹಂಚುವ ಪದ್ಧತಿ ಉದ್ಯಾನವನ್ನು ಹೇಗೆ ಹಾಳುಗೆಡವುತ್ತಿದೆ ಎಂಬುದನ್ನು 1882ರಲ್ಲಿ ಅವರು ಕಿರುಹೊತ್ತಿಗೆಯೊಂದರಲ್ಲಿ ಬಿಚ್ಚಿಟ್ಟರು.

ಅಂಕಿ ಅಂಶಗಳ ಸಾಕ್ಷ್ಯ

ಉದ್ಯಾನ ದುಂದುವೆಚ್ಚವೆಂದು ಟೀಕಿಸಿದವರಿಗೆ ಓಮ್‌ಸ್ಟೆಡ್ ಉತ್ತರ ಕೊಟ್ಟದ್ದು ಕಂದಾಯದ ಪುಸ್ತಕದಿಂದ. ಉದ್ಯಾನವನ್ನು ಸುತ್ತುವರಿದ ಮೂರು ವಾರ್ಡುಗಳ ಸ್ಥಿರಾಸ್ತಿಯ ಮೌಲ್ಯ 1856ರಲ್ಲಿ ಸುಮಾರು 2.64 ಕೋಟಿ ಡಾಲರ್ ಇದ್ದದ್ದು, 1873ರ ಹೊತ್ತಿಗೆ ಸುಮಾರು 23.6 ಕೋಟಿಗೆ ಏರಿತ್ತು. ಹೆಚ್ಚಿದ ಮೌಲ್ಯದ ಮೇಲೆ ಬಂದ ತೆರಿಗೆ, ಉದ್ಯಾನದ ಸಾಲಕ್ಕೆ ಕಟ್ಟುವ ಬಡ್ಡಿಯನ್ನು ಮೀರಿಸಿತ್ತು. ನಗರ ಹೇಗೂ ಉತ್ತರದ ದಿಕ್ಕಿಗೆ ಬೆಳೆಯುತ್ತಿದ್ದುದರಿಂದ ಈ ಏರಿಕೆಯೆಲ್ಲವೂ ಉದ್ಯಾನದ ಫಲವೆನ್ನಲಾಗದು. ಆದರೂ ಉದ್ಯಾನವೆಂದರೆ ಬರೀ ಖರ್ಚೆಂಬ ಭಾವನೆಯನ್ನು ಈ ಅಂಕಿಗಳು ಅಲುಗಾಡಿಸಿದವು. ಇತರ ನಗರಗಳು ಇದೇ ಲೆಕ್ಕವನ್ನು ತೋರಿಸಿ ತಮ್ಮಲ್ಲೂ ಉದ್ಯಾನಗಳಿಗೆ ಸಾಲ ಎತ್ತಿದವು.

ಬೆಲೆಯೇರಿಕೆಯ ಮತ್ತೊಂದು ಮುಖವೂ ಇತ್ತು. ಉದ್ಯಾನದ ಪಕ್ಕ ಮನೆ ಮಾಡಿಕೊಂಡವರು ಧನಿಕರೇ. ಆರಂಭದ ವರ್ಷಗಳಲ್ಲಿ ದಕ್ಷಿಣದ ಇಕ್ಕಟ್ಟಾದ ವಠಾರಗಳ ಬಡವರಿಗೆ ಉದ್ಯಾನ ದೂರವಾಗಿತ್ತು. ಹೋಗಿ ಬರುವ ಗಾಡಿಯ ಬಾಡಿಗೆಯೂ ಹೊರೆಯಾಗಿತ್ತು. ಶಾಂತವಾಗಿ ನಿಸರ್ಗವನ್ನು ಸವಿಯಬೇಕೆಂಬುದು ಓಮ್‌ಸ್ಟೆಡ್ ಅವರ ಆಶಯವಾದುದರಿಂದ ಹುಲ್ಲುಹಾಸಿನ ಮೇಲೆ ಓಡಾಟಕ್ಕೂ ಚೆಂಡಾಟಕ್ಕೂ ಕಟ್ಟುನಿಟ್ಟಿನ ನಿರ್ಬಂಧಗಳಿದ್ದವು. ಭಾನುವಾರ ಮಾತ್ರ ಬಿಡುವಿದ್ದ ಕಾರ್ಮಿಕರು ಭಾನುವಾರದ ಸಂಗೀತ ಕಚೇರಿಗಾಗಿ 1880ರ ದಶಕದವರೆಗೆ ಕಾಯಬೇಕಾಯಿತು. ಎಲ್ಲರಿಗಾಗಿ ಕಟ್ಟಿದ ಉದ್ಯಾನ ನಿಜಕ್ಕೂ ಎಲ್ಲರದಾಗಲು ಜನರೇ ಒತ್ತಾಯಿಸಬೇಕಾಯಿತು.

ಬಾಸ್ಟನ್‌ನ ಪಾಠ

ಸೆಂಟ್ರಲ್ ಪಾರ್ಕ್‌ನ ಇತಿಮಿತಿಗಳು ಓಮ್‌ಸ್ಟೆಡ್ ಅವರಿಗೂ ಗೊತ್ತಿದ್ದವು. ನಗರದ ನಡುವೆ ಒಂದೇ ದೊಡ್ಡ ಉದ್ಯಾನವಿದ್ದರೆ ಸಾಲದು, ಬೇರೆ ಬೇರೆ ಬಡಾವಣೆಗಳಿಂದ ತಲುಪಬಹುದಾದ ಉದ್ಯಾನಗಳ ಸರಪಳಿ ಬೇಕು ಎಂಬ ಆಲೋಚನೆಯನ್ನು ಅವರು ವಾಕ್ಸ್ ಜೊತೆ 1868ರಿಂದ ಬಫಲೋ ನಗರದಲ್ಲಿ ಪ್ರಯೋಗಿಸಿದ್ದರು. 1878ರಿಂದ ಬಾಸ್ಟನ್‌ನಲ್ಲಿ ಅದು ಪೂರ್ಣ ರೂಪ ಪಡೆಯಿತು. ಅಲ್ಲಿನ ಬ್ಯಾಕ್ ಬೇ ಪ್ರದೇಶ ಕೊಳಚೆ ನೀರು ನಿಂತು ನಾರುತ್ತಿದ್ದ ಜವುಗು. ಪ್ರವಾಹದ ನೀರನ್ನು ಹಿಡಿದಿಡುವ ಹೊಂಡ, ಚರಂಡಿಯ ತಿರುವು, ನೀರಂಚಿನ ಸಸ್ಯಗಳು, ನಡೆಯುವ ಹಾದಿ ಇವೆಲ್ಲವನ್ನೂ ಒಂದೇ ಯೋಜನೆಯಲ್ಲಿ ಬೆಸೆದು ಅದನ್ನು ಉದ್ಯಾನವಾಗಿಸಿದರು. ಹೇಗೂ ಮಾಡಲೇಬೇಕಿದ್ದ ನೈರ್ಮಲ್ಯದ ವೆಚ್ಚದೊಳಗೆ ಉದ್ಯಾನವನ್ನೂ ಸೇರಿಸಿದ ಜಾಣ್ಮೆಯಿದು. ಹೀಗೆ ಒಂದಕ್ಕೊಂದು ಹೊಂದಿಕೊಂಡ ಹಸಿರು ತಾಣಗಳ ಸಾಲನ್ನು ಜನರು ಪಚ್ಚೆಯ ಹಾರವೆಂದು ಕರೆದರು. 1883ರಲ್ಲಿ ಅವರು ತಮ್ಮ ಮನೆ ಮತ್ತು ಕಚೇರಿಯನ್ನು ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ಗೆ ಸ್ಥಳಾಂತರಿಸಿದರು.

1893ರ ಷಿಕಾಗೊ ವಿಶ್ವ ಮೇಳದ ಭೂದೃಶ್ಯ ವಿನ್ಯಾಸ ಅವರ ಕೊನೆಯ ದೊಡ್ಡ ಕೆಲಸಗಳಲ್ಲಿ ಒಂದು. 1895ರ ಹೊತ್ತಿಗೆ ನೆನಪು ಕೈಕೊಡತೊಡಗಿ ವೃತ್ತಿಯಿಂದ ನಿವೃತ್ತರಾದರು. 1898ರಲ್ಲಿ ಅವರನ್ನು ಮಾನಸಿಕ ಚಿಕಿತ್ಸೆಯ ಮೆಕ್ಲೀನ್ ಆಸ್ಪತ್ರೆಗೆ ಸೇರಿಸಲಾಯಿತು. ಆ ಆಸ್ಪತ್ರೆಯ ನಿವೇಶನದ ಬಗ್ಗೆ ವರ್ಷಗಳ ಹಿಂದೆ ಸಲಹೆ ನೀಡಿದ್ದವರು ಅವರೇ. 1903ರ ಆಗಸ್ಟ್ 28ರಂದು ಅಲ್ಲಿಯೇ ಕೊನೆಯುಸಿರೆಳೆದರು. ಮಕ್ಕಳಿಬ್ಬರು ಅವರ ವೃತ್ತಿಯನ್ನು ಮುಂದುವರಿಸಿದರು.

ಮುಗಿಯದ ಲೆಕ್ಕ

ಓಮ್‌ಸ್ಟೆಡ್ ಕಾಲಾನಂತರವೂ ಹಣದ ಪ್ರಶ್ನೆ ಸೆಂಟ್ರಲ್ ಪಾರ್ಕನ್ನು ಬಿಡಲಿಲ್ಲ. 1934ರಲ್ಲಿ ಉದ್ಯಾನಗಳ ಆಯುಕ್ತರಾದ ರಾಬರ್ಟ್ ಮೋಸಸ್ ಆರ್ಥಿಕ ಮುಗ್ಗಟ್ಟಿನ ಕಾಲದ ಕೇಂದ್ರ ಪರಿಹಾರ ನಿಧಿ ಬಳಸಿ ಅಲ್ಲಿ ಮಕ್ಕಳ ಆಟದ ಮೈದಾನಗಳನ್ನು ನಿರ್ಮಿಸಿದರು. 1970ರ ದಶಕದಲ್ಲಿ ನ್ಯೂಯಾರ್ಕ್ ದಿವಾಳಿಯ ಅಂಚಿಗೆ ಬಂದಾಗ ಮೊದಲು ಕತ್ತರಿ ಬಿದ್ದ ಬಾಬತ್ತುಗಳಲ್ಲಿ ಉದ್ಯಾನ ನಿರ್ವಹಣೆಯೂ ಒಂದು. ಹುಲ್ಲುಹಾಸು ಧೂಳಿನ ಬಯಲಾಯಿತು, ಸೇತುವೆಗಳು ಶಿಥಿಲಗೊಂಡವು, ಸಂಜೆಯ ನಂತರ ಜನ ಕಾಲಿಡಲು ಹೆದರುತ್ತಿದ್ದರು. 1980ರಲ್ಲಿ ಹುಟ್ಟಿಕೊಂಡ ಸೆಂಟ್ರಲ್ ಪಾರ್ಕ್ ಕನ್ಸರ್ವೆನ್ಸಿ ಎಂಬ ಖಾಸಗಿ ಸಂಸ್ಥೆ ದಾನಿಗಳಿಂದ ಹಣ ಸಂಗ್ರಹಿಸಿ ಉದ್ಯಾನವನ್ನು ಮೇಲೆತ್ತಿತು. ನಗರಾಡಳಿತದೊಂದಿಗಿನ ಒಪ್ಪಂದದಡಿ ಇಂದು ಅದನ್ನು ನಿರ್ವಹಿಸುತ್ತಿರುವುದೂ ಈ ಸಂಸ್ಥೆಯೇ. 2012ರಲ್ಲಿ ಹೂಡಿಕೆದಾರರೊಬ್ಬರು ಇದಕ್ಕೆ ನೀಡಿದ ದೇಣಿಗೆ 10 ಕೋಟಿ ಡಾಲರ್.

ಈ ಏರ್ಪಾಡನ್ನು ಮೆಚ್ಚುವವರಿದ್ದಾರೆ, ಪ್ರಶ್ನಿಸುವವರೂ ಇದ್ದಾರೆ. ಸಿರಿವಂತರ ಕಿಟಕಿಗೆ ಕಾಣುವ ಉದ್ಯಾನಕ್ಕೆ ದೇಣಿಗೆ ಹರಿದುಬರುತ್ತದೆ. ಬಡ ಬಡಾವಣೆಯ ಉದ್ಯಾನಕ್ಕೆ ನಗರದ ಬಡ ಆಯವ್ಯಯವೇ ಗತಿ ಎಂಬುದು ಅವರ ಆಕ್ಷೇಪ. ಬರ್ಕನ್‌ಹೆಡ್‌ನಲ್ಲಿ ಯುವಕ ಓಮ್‌ಸ್ಟೆಡ್ ಅವರನ್ನು ಬೆರಗುಗೊಳಿಸಿದ್ದು ಹುಲ್ಲು, ನೀರುಗಳ ಚೆಲುವಿನಷ್ಟೇ ಅದು ಪಟ್ಟಣದ ಜನರ ಸ್ವಂತ ಆಸ್ತಿ ಎಂಬ ಸಂಗತಿ. ಆ ದೃಷ್ಟಿಯಿಂದ ನೋಡಿದರೆ ಈ ಆಕ್ಷೇಪ ಅವರ ಮೂಲ ಆಶಯಕ್ಕೆ ಹತ್ತಿರವೇ ಇದೆ.

ಸೆನೆಕ ವಿಲೇಜ್ ಇದ್ದ ಸ್ಥಳದಲ್ಲಿ 2001ರಲ್ಲಿ ಫಲಕವೊಂದನ್ನು ನಿಲ್ಲಿಸಲಾಯಿತು. 2011ರಲ್ಲಿ ಪುರಾತತ್ವ ತಜ್ಞರು ಅಲ್ಲಿ ಅಗೆದಾಗ ಮನೆಯ ತಳಪಾಯದ ಕಲ್ಲುಗಳೂ ಬಳಸಿದ ಪಾತ್ರೆ ಪದಾರ್ಥಗಳ ಚೂರುಗಳೂ ದೊರೆತವು. ಒಂದೂವರೆ ಶತಮಾನ ಹುಲ್ಲಿನಡಿ ಮಲಗಿದ್ದ ಆ ಚೂರುಗಳು, ಉದ್ಯಾನದ ವೆಚ್ಚದ ಪಟ್ಟಿಗೆ ಯಾರೂ ಬರೆಯದೆ ಬಿಟ್ಟಿದ್ದ ಬಾಬತ್ತನ್ನು ತಡವಾಗಿಯಾದರೂ ಸೇರಿಸಿದವು.